ಸರ್ಜ್ ಎಕ್ಸ್‌ಟಿ: ಸ್ವಂತ ಸ್ವರಶ್ರೇಣಿ ಕಟ್ಟಿ ಕಿವಿಯಲ್ಲೇ ಪರೀಕ್ಷಿಸಲು

ಸಾಮಾನ್ಯ ಕೀಬೋರ್ಡಿನ ಅಂತರಗಾಂಧಾರ ತಂಬೂರಿಯ ಜೊತೆ ಏಕೆ ಕೂಡುವುದಿಲ್ಲ ಎಂದು ಕೇಳಿ ತಿಳಿಯಬೇಕೆನ್ನುವವರಿಗೆ ಈ ಉಚಿತ ಸಿಂಥಸೈಸರ್ ಹೇಳಿ ಮಾಡಿಸಿದಂತಿದೆ. 2018ರಲ್ಲಿ ಮುಕ್ತ ತಂತ್ರಾಂಶವಾದ ಸರ್ಜ್‌ನ ಈಗಿನ ರೂಪವೇ ಎಕ್ಸ್‌ಟಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಈ ವಿಮರ್ಶೆ ಅದರ ಶ್ರುತಿ ವಿಭಾಗಕ್ಕೆ ಸೀಮಿತ.

ಸ್ವರಸ್ಥಾನಗಳನ್ನು ಅದು ಓದುವುದು ಸ್ಕಾಲಾ ತಂತ್ರಾಂಶದ .ಎಸ್‌ಸಿಎಲ್ ಕಡತದಿಂದ. ಮೊದಲು ವಿವರಣೆಯ ಸಾಲು, ಆಮೇಲೆ ಸ್ವರಗಳ ಸಂಖ್ಯೆ, ಬಳಿಕ ಸಾಲಿಗೊಂದು ಸ್ವರ, ಷಡ್ಜದ ಕಂಪನಾಂಕದೊಡನೆ ಅದರ ಅನುಪಾತವಾಗಿ ಇಲ್ಲವೇ ಸೆಂಟ್‌ನಲ್ಲಿ (ಸ್ಥಾಯಿಯ 1200ನೇ ಒಂದು ಭಾಗ). ಮಾಯಾಮಾಳವಗೌಳ ರಾಗಕ್ಕಾದರೆ ಸಂಖ್ಯೆ 7, ಅದರ ಕೆಳಗೆ 16/15, 5/4, 4/3, 3/2, 8/5, 15/8, 2/1. ಆಧಾರ ಷಡ್ಜವನ್ನು ಬರೆಯಬಾರದು, 1/1 ಇದ್ದೇ ಇದೆ. ಬರೆದರೆ ಎಣಿಕೆ ಕೆಡುತ್ತದೆ. ಎಣಿಕೆಯನ್ನು 8 ಮಾಡಿ ಸರಿಪಡಿಸಲು ಹೋದರೆ ಒಂದೇ ಸ್ವರ ಎರಡು ಕೀಲಿಗಳಲ್ಲಿ ಕೂರುತ್ತದೆ. ಇನ್ನೂ ದೊಡ್ಡ ಎಡವಟ್ಟು ಚುಕ್ಕೆಯದು. 702.0 ಎಂದರೆ ಸೆಂಟ್, ಚುಕ್ಕೆಯಿಲ್ಲದ 702 ಎಂದರೆ 702/1 ಎಂಬ ಅನುಪಾತ. ಪಂಚಮ ಒಂಬತ್ತು ಸ್ಥಾಯಿಗೂ ಆಚೆ ಹಾರಿಹೋಗುತ್ತದೆ.

ಏಳು ಸ್ವರದ ಕಡತವನ್ನು ಹಾಗೆಯೇ ತೆರೆದರೆ ಕರಿ, ಬಿಳಿ ಎಲ್ಲ ಕೀಲಿಗಳಿಗೂ ಸಾಲಾಗಿ ಸ್ವರ ಹಂಚಿ, ತಾರಷಡ್ಜ ಜಿ ಕೀಲಿಯಲ್ಲಿ ಬರುತ್ತದೆ. ಬೆರಳಿಗೆ ಅಭ್ಯಾಸವಾದ ಜಾಗದಲ್ಲೇ ಸ್ವರ ಬೇಕಿದ್ದರೆ .ಕೆಬಿಎಂ ನಕ್ಷೆ ಕಡತವೂ ಬೇಕು. ನಕ್ಷೆಯ ಗಾತ್ರ 12, ಸ್ಥಾಯಿಯ ಸ್ಥಾನ 7, ಹಂಚಿಕೆ ಹೀಗೆ: 0, 1, ಎಕ್ಸ್, ಎಕ್ಸ್, 2, 3, ಎಕ್ಸ್, 4, 5, ಎಕ್ಸ್, ಎಕ್ಸ್, 6. ಎಕ್ಸ್ ಇರುವ ಕೀಲಿಗೆ ಸ್ವರವಿಲ್ಲ.

ಆಧಾರ ಕಂಪನಾಂಕದ ಸಾಲಿಗೆ ಹೆಚ್ಚಿನ ಎಚ್ಚರ ಬೇಕು. ಕೈಗೆ ಸಿಗುವ ಎಷ್ಟೋ ನಕ್ಷೆಗಳಲ್ಲಿ ಷಡ್ಜ 60ನೇ ಕೀಲಿಯಲ್ಲಿದ್ದರೂ (ಮಿಡಿ ಎಣಿಕೆಯಲ್ಲಿ ನಡುವಿನ ಸಿ) ಆಧಾರ 69ನೇ ಕೀಲಿ (ಅದರ ಮೇಲಿನ ಎ), 440 ಹರ್ಟ್ಸ್ ಎಂದಿರುತ್ತದೆ. ಧೈವತ 5/3 ಆಗಿರುವ ಹನ್ನೆರಡು ಸ್ವರದ ಶ್ರೇಣಿಯಲ್ಲಿ ಆಗ ಷಡ್ಜ 264 ಹರ್ಟ್ಸ್ ಆಗುತ್ತದೆ. ಸಿ ಶ್ರುತಿಗೆ ಇಟ್ಟ ಎಲೆಕ್ಟ್ರಾನಿಕ್ ತಂಬೂರಿ 261.63ರಲ್ಲಿ ನುಡಿಯುತ್ತಿರುತ್ತದೆ. ವ್ಯತ್ಯಾಸ 15.6 ಸೆಂಟ್, ಷಡ್ಜದಲ್ಲೇ ಸೆಕೆಂಡಿಗೆ ಎರಡಕ್ಕೂ ಹೆಚ್ಚು ಮಿಡಿತ (ಹತ್ತಿರದ ಎರಡು ನಾದ ಸೇರಿದಾಗ ಸದ್ದು ಏರಿಳಿಯುವುದು). ಶ್ರೇಣಿಯೇ ತಪ್ಪೆಂದು ಅನುಪಾತಗಳನ್ನು ತಿದ್ದುವ ಮೊದಲು ಈ ಸಾಲನ್ನು ನೋಡಿ. ಆಧಾರವೂ 60, ಕಂಪನಾಂಕ 261.6256 ಎಂದಿದ್ದರೆ ಸರಿ.

ಪರೀಕ್ಷೆಗೆ ಸೈನ್ ತರಂಗ ಬೇಡ. ಸಾ-ಗ ಕೂಡಿದೆಯೇ ಎಂದು ತಿಳಿಯುವುದು ಷಡ್ಜದ ಐದನೇ ಅನುಸ್ವರ (ಮೂಲ ಕಂಪನಾಂಕದ ಐದು ಪಟ್ಟಿನ ನಾದ) ಗಾಂಧಾರದ ನಾಲ್ಕನೆಯದರೊಡನೆ ಬೆರೆತಾಗ. ಸೈನ್‌ನಲ್ಲಿ ಅನುಸ್ವರಗಳೇ ಇಲ್ಲ. ಗರಗಸದ ಹಲ್ಲಿನಾಕಾರದ ಸಾಟೂತ್ ತರಂಗ ಹಾಕಿ, ಒಂದೇ ಸ್ವರಕ್ಕೆ ಹಲವು ದನಿ ಸೇರಿಸುವ ಯೂನಿಸನ್ ಅನ್ನು ಒಂದಕ್ಕಿಳಿಸಿ, ಕೋರಸ್ ಇದ್ದರೆ ತೆಗೆಯಿರಿ. ಸಿ ಷಡ್ಜಕ್ಕೆ ಸಾಮಾನ್ಯ ಕೀಬೋರ್ಡಿನ, ಅಂದರೆ ಸ್ಥಾಯಿಯನ್ನು 12 ಸಮಭಾಗ ಮಾಡಿದ, ಗಾಂಧಾರ ಸೆಕೆಂಡಿಗೆ ಸುಮಾರು ಹತ್ತು ಸಲ ಮಿಡಿಯುತ್ತದೆ. ಸ್ಥಾಯಿಯನ್ನು 53 ಭಾಗ ಮಾಡಿ ಹದಿನೇಳನೆಯದನ್ನು ಹಿಡಿದರೆ ಸುಮಾರು ಒಂದು ಸಲ. 5/4ರಲ್ಲಿ ಮಿಡಿತ ನಿಲ್ಲುತ್ತದೆ. ಈ ಮೂರನ್ನೂ ಒಂದರ ಹಿಂದೊಂದು ನುಡಿಸಿದರೆ ಸಿಗುವ ತಿಳಿವಳಿಕೆ ಕೋಷ್ಟಕದಿಂದ ಸಿಗದು. 22 ಶ್ರುತಿ ಎಂದುಕೊಂಡು 22 ಸಮಭಾಗದ ಕಡತ ಹಾಕುವವರೂ ಇದನ್ನೇ ಮಾಡಿ ನೋಡಬೇಕು. ಅಲ್ಲಿನ ಪಂಚಮ 709.1 ಸೆಂಟ್, ಶುದ್ಧ ಪಂಚಮಕ್ಕಿಂತ 7 ಸೆಂಟ್ ಮೇಲೆ. ಅನುಪಾತಗಳಲ್ಲಿ ಬರೆಯುವ 22 ಶ್ರುತಿಗಳ ನಡುವಿನ ಅಂತರಗಳು ಸಮವಲ್ಲ: 256/243, 25/24, 81/80 ಎಂಬ ಮೂರು ಅಳತೆಗಳು.

ಶುದ್ಧ ಅನುಪಾತಗಳಿಂದಲೂ ಎಲ್ಲ ಜೋಡಿ ಕೂಡುವುದಿಲ್ಲ. ಚತುಶ್ರುತಿ ರಿಷಭ 9/8, ಧೈವತ 5/3 ಇಟ್ಟರೆ ಇವೆರಡರ ಅಂತರ 40/27, 3/2ರ ಪಂಚಮಭಾವಕ್ಕಿಂತ 21.5 ಸೆಂಟ್ ಕಡಿಮೆ. ಧೈವತವನ್ನು 27/16 ಮಾಡಿದರೆ ಇದು ಕೂಡುತ್ತದೆ, ಆದರೆ 4/3 ಮಧ್ಯಮದೊಡನೆ ಅದರ ಅಂತರ 5/4 ಆಗಿ ಉಳಿಯುವುದಿಲ್ಲ. ಯಾವ ಜೋಡಿ ಬೇಕೆಂದು ಶ್ರೇಣಿ ಕಟ್ಟುವವರೇ ತೀರ್ಮಾನಿಸಬೇಕು.

ಆ ತೀರ್ಮಾನ ಹೆಸರಿನಲ್ಲಿ ಕಾಣಬೇಕು. ವಿವರಣೆಯ ಸಾಲಿನಲ್ಲಿ ಬರೀ ‘ಮಾಯಾಮಾಳವಗೌಳ’ ಎಂದರೆ ಸಾಲದು. ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿಯಲ್ಲಿ ಮಾ 5, ಯಾ 1, ತಿರುಗಿಸಿದರೆ 15ನೇ ಮೇಳ. ಹೆಸರೇ ಸಂಖ್ಯೆ ಹೇಳುವ ಇಂಥ ಸೊಗಸಾದ ವ್ಯವಸ್ಥೆ ಅಪರೂಪ. ಆದರೂ ಅದು ಸೂಚಿಸುವುದು ಸ್ವರಸ್ಥಾನಗಳ ಆಯ್ಕೆಯನ್ನು; ರಿಷಭ 16/15 ಆದರೂ 256/243 ಆದರೂ ಮೇಳ ಅದೇ. ಪಾಶ್ಚಾತ್ಯರ ‘ಮೀನ್‌ಟೋನ್’ ಹೆಸರಿನದೂ ಇದೇ ಪಾಡು. 81/80 ಅಂತರವನ್ನು ಅಳಿಸಿಹಾಕುವ ಕುಟುಂಬವೆಂದು ಗೊತ್ತಾಗುತ್ತದೆ. ಕಾಲು ಕಾಮಾ (ಆ 81/80 ಅಂತರದ ಕಾಲು ಭಾಗ) ಎಂದು ಸೇರಿಸದ ಹೊರತು ಪಂಚಮ 696.6 ಸೆಂಟ್ ಎಂದು ತಿಳಿಯದು. ‘ಮೇಳ 15, ರಿ 16/15, ಧ 8/5’ ಎಂದು ಬರೆದಿಟ್ಟರೆ ವರ್ಷ ಬಿಟ್ಟು ತೆರೆದರೂ ಗೊಂದಲವಿಲ್ಲ.

ಗಮಕಕ್ಕೆ ಪಿಚ್ ಬೆಂಡ್ ಬಳಸುವವರು ಟ್ಯೂನಿಂಗ್ ಮೆನುವಿನಲ್ಲಿ ಶ್ರುತಿಯನ್ನು ‘ಮಿಡಿ ಇನ್‌ಪುಟ್‌ನಲ್ಲೇ’ ಅನ್ವಯಿಸುವ ಆಯ್ಕೆ ಹಿಡಿಯಿರಿ. ಆಗ ಎರಡು ಸೆಮಿಟೋನ್ ಬೆಂಡ್ ಎಲ್ಲ ಸ್ವರಕ್ಕೂ 200 ಸೆಂಟ್. ‘ಮಾಡ್ಯುಲೇಷನ್ ನಂತರ’ ಎಂದಿಟ್ಟರೆ ಬೆಂಡ್ ಶ್ರೇಣಿಯ ಮೆಟ್ಟಿಲುಗಳನ್ನೇ ಅನುಸರಿಸಿ, ಸ್ವರದಿಂದ ಸ್ವರಕ್ಕೆ ತೂಗಾಟದ ಅಗಲ ಬದಲಾಗುತ್ತದೆ.

ಕೊರತೆಯೂ ಇದೆ. ಒಂದು ಅಂತರವನ್ನು ಮತ್ತೆ ಮತ್ತೆ ಪೇರಿಸಿ ಹೊಸ ಶ್ರೇಣಿ ಹುಡುಕುವ ಕೆಲಸಕ್ಕೆ ಸ್ಕಾಲಾ ಅಥವಾ ಬ್ರೌಸರಿನಲ್ಲೇ ನಡೆಯುವ ಸ್ಕೇಲ್ ವರ್ಕ್‌ಶಾಪ್ ಹೆಚ್ಚು ಅನುಕೂಲ; ಅಲ್ಲಿ ಕಟ್ಟಿ, ಕಡತವನ್ನು ಸರ್ಜ್ ಕಿಟಕಿಗೆ ಎಳೆದು ಹಾಕಿದರಾಯಿತು. ಹಲವು ವಾದ್ಯ ತಂತ್ರಾಂಶಗಳಿಗೆ ಒಂದೇ ಶ್ರುತಿ ಹಂಚುವ ಎಂಟಿಎಸ್-ಇಎಸ್‌ಪಿ ವ್ಯವಸ್ಥೆಯ ಮೂಲವೊಂದು ಯೋಜನೆಯಲ್ಲಿ ಚಾಲೂ ಇದ್ದರೆ ಸರ್ಜ್ ಅದರ ಶ್ರುತಿಗೇ ಹೊಂದಿಕೊಳ್ಳುತ್ತದೆ, ನಿಮ್ಮ ಕಡತ ಬದಿಗೆ ಸರಿಯುತ್ತದೆ. ಹಾಕಿದ ಶ್ರೇಣಿ ಕೇಳಿಸದಿದ್ದಾಗ ಮೊದಲು ಅದನ್ನೇ ಪರೀಕ್ಷಿಸಿ.