ಮರಳು ಕಟ್ಟೆಯೋ, ಕಾಂಡ್ಲಾ ಕಾಡೋ? ಕೀನ್ಯಾದಲ್ಲಿ ನಾನು ದುಡಿದ ಎರಡು ಜಾಗ

ನೈರೋಬಿಗೆ ಕೆಲಸಕ್ಕೆ ಬಂದ ಮೇಲೆ ರಜೆ ಸಿಕ್ಕಾಗಲೆಲ್ಲ ಹಳ್ಳಿಗಳಿಗೆ ಹೋಗಿ ಕೈಲಾದ ಕೆಲಸ ಮಾಡಿದ್ದೇನೆ. "ನಾವೂ ಬರ್ತೀವಿ, ಎಲ್ಲಿಗೆ ಹೋದ್ರೆ ಒಳ್ಳೇದು?" ಅಂತ ಊರಿನ ಸ್ನೇಹಿತರು ಕೇಳುತ್ತಲೇ ಇರುತ್ತಾರೆ.

ಮೊದಲ ಸಲ ಒಂದು ಏಜೆನ್ಸಿಗೆ ಹಣ ಕಟ್ಟಿ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಸಸಿ ನೆಡಿಸಿದರು. ಪಕ್ಕದಲ್ಲೇ ಹಿಂದಿನ ತಂಡ ನೆಟ್ಟವು ಒಣಗಿ ಕಡ್ಡಿಯಾಗಿದ್ದವು. ಯಾರು ನೀರು ಹಾಕ್ತಾರೆ ಅಂತ ಕೇಳಿದರೆ ಉತ್ತರವಿಲ್ಲ. ತುಂಬಾ ಬೇಜಾರಾಯಿತು. ಆಮೇಲಿಂದ ಎಲ್ಲಿಗೆ ಹೋಗುವ ಮೊದಲೂ ಒಂದು ಮಾತು ಕೇಳುತ್ತೇನೆ: ನಾನು ಬರದಿದ್ದರೂ ಈ ಕೆಲಸ ನಡೆಯುತ್ತದಾ? ಹೌದು ಅಂದ ಎರಡು ಜಾಗ ಇವು.

ಒಂದು, ಮಕುವೇನಿಯ ಮರಳು ಕಟ್ಟೆ. ಕಾಂಬಾ ಜನರ ಒಣ ಸೀಮೆ ಅದು. ಮಳೆ ಬಂದಾಗ ಹೊಳೆ ಹರಿಯುತ್ತದೆ, ಉಳಿದ ದಿನ ಬರೀ ಮರಳು. ಬಂಡೆ ಸಿಗುವವರೆಗೆ ಅಗೆದು, ಹೊಳೆಗೆ ಅಡ್ಡಲಾಗಿ ಕಲ್ಲು ಸಿಮೆಂಟಿನ ಗೋಡೆ ಎಬ್ಬಿಸುತ್ತಾರೆ. ಒಂದೆರಡು ಮಳೆಗಾಲದಲ್ಲಿ ಅದರ ಹಿಂದೆ ಮರಳು ತುಂಬುತ್ತದೆ. ಆ ಮರಳಿನ ಗಾತ್ರದಲ್ಲಿ ಶೇ. 40ರವರೆಗೂ ನೀರು ಹಿಡಿಯಬಹುದು. ಬಿಸಿಲಿಗೆ ಅಷ್ಟಾಗಿ ಆರುವುದಿಲ್ಲ, ಸೊಳ್ಳೆ ಮೊಟ್ಟೆ ಇಡುವುದಿಲ್ಲ. ಒಣ ಹೊಳೆಯಲ್ಲಿ ಒರತೆ ತೋಡಿ ನೀರು ಮೊಗೆದ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಮಾಡುವುದು ಊರಿನ ಗುಂಪೇ. ಮ್ವೆಥ್ಯಾ ಅನ್ನುತ್ತಾರೆ, ನಮ್ಮ ಮುಯ್ಯಾಳಿನ ಹಾಗೆ. ಹೆಂಗಸರೇ ಜಾಸ್ತಿ. ನಾನು ಹೋಗುವಷ್ಟರಲ್ಲಿ ಅವರು ವಾರಗಟ್ಟಲೆ ಕಲ್ಲು ಹೊತ್ತು ರಾಶಿ ಹಾಕಿದ್ದರು. ನನ್ನನ್ನು ಕಲ್ಲು ಸಾಗಿಸುವ ಸಾಲಿನಲ್ಲಿ ನಿಲ್ಲಿಸಿದರು. ಎಡಗಡೆ ಅರವತ್ತು ದಾಟಿದ ಒಬ್ಬ ಅಮ್ಮ. ನಾನು ಕೈ ನೀಡಿ ನೀಡಿ ಕಲ್ಲು ಕೊಡುತ್ತಿದ್ದೆ. ಆಕೆ ಮಾತಾಡದೆ ನನ್ನ ಮುಂಗೈ ಹಿಡಿದು, ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡು, ಕಾಲೆತ್ತಿ ಇಟ್ಟು ಪೂರ್ತಿ ತಿರುಗಿ ಕೊಡುವುದನ್ನು ತೋರಿಸಿದರು. ಸಂಜೆ ಬೆನ್ನು ನೋಯಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಒಂದೇ ಹಂಡೆಯ ಮುಥೋಕೋಯಿ, ಅಂದರೆ ಸಿಪ್ಪೆ ತೆಗೆದ ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ್ದು. ಹಸಿದ ಹೊಟ್ಟೆಗೆ ಅಷ್ಟು ರುಚಿ!

ಇನ್ನೊಂದು ಗಾಜಿ. ಮೊಂಬಾಸಾದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಅಲ್ಲಿಯ ಯೋಜನೆ ಹೆಸರು ಮಿಕೋಕೋ ಪಮೋಜಾ, ಸ್ವಾಹಿಲಿಯಲ್ಲಿ 'ಕಾಂಡ್ಲಾ, ಒಟ್ಟಾಗಿ' ಅಂತ. ಕಾಂಡ್ಲಾ ಅಂದರೆ ಕಡಲಂಚಿನ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ. ಗಾಜಿ, ಮಕೊಂಗೇನಿ ಹಳ್ಳಿಗಳ ಜನ 117 ಹೆಕ್ಟೇರ್ ಕಾಂಡ್ಲಾ ಕಾಡು ಕಾಯುತ್ತಾರೆ. ಆ ಕಾಡು ಗಾಳಿಯಿಂದ ಹೀರಿ ಹಿಡಿದಿಟ್ಟ ಇಂಗಾಲದ ಲೆಕ್ಕವನ್ನು 'ಕಾರ್ಬನ್ ಕ್ರೆಡಿಟ್' ಆಗಿ ಮಾರುವುದರಿಂದ 2013ರಿಂದ ಹಣ ಬರುತ್ತದೆ. ಅದು ಕುಡಿಯುವ ನೀರಿಗೆ, ಶಾಲೆಗೆ ಹೋಗುತ್ತದೆ. ಸೌದೆಗಾಗಿ ಕಾಂಡ್ಲಾ ಕಡಿಯಬಾರದು ಅಂತ ಗಾಳಿ ಮರವನ್ನೂ ಬೆಳೆಸಿದ್ದಾರೆ.

ಇಲ್ಲಿ ಗಡಿಯಾರ ಅಂದರೆ ಸಮುದ್ರ. ನೀರು ಇಳಿದಾಗ ಕೆಲಸ, ಏರಿದರೆ ಮನೆ. ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ತುಂಡಿನ ಹಾಗೆ ಜೋತಾಡುತ್ತದೆ. ಅದನ್ನು ಕೆಸರಿಗೆ ಚುಚ್ಚುವ ಕೆಲಸ ಖುಷಿ ಕೊಟ್ಟಿತು. ಆದರೆ ಒಂದೇ ಬೆಳಿಗ್ಗೆ ಮುಗಿಯಿತು. ಉಳಿದ ದಿನವೆಲ್ಲ ಮರ ಅಳೆಯುವುದು. ಬೊಡ್ಡೆಯಿಂದ ಸುತ್ತಲೂ ಇಳಿಬಿದ್ದ ಬೇರುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಬೇರು ಹೊರಟ ಜಾಗದ ಮೇಲೆ ಟೇಪು ಸುತ್ತಬೇಕು. ಒಬ್ಬರು ಅಳತೆ ಕೂಗಬೇಕು, ಒಬ್ಬರು ಬರೆದುಕೊಳ್ಳಬೇಕು. ಮೊಣಕಾಲವರೆಗೆ ಕೆಸರು. ಮೂರನೇ ದಿನ ಸಾಕಾಯಿತು. ಆದರೆ ಈ ಅಳತೆ ಇಲ್ಲದೆ ಊರಿಗೆ ಹಣ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಒಂದು ಮರವನ್ನೂ ಸುಮ್ನೆ ಅಂದಾಜಿಗೆ ಬರೆಯಲು ಮನಸ್ಸು ಬರಲಿಲ್ಲ.

ಒಂದೇ ವಾರ ಇದೆಯಾ? ಮಕುವೇನಿಗೆ ಹೋಗಿ, ಆದರೆ ಒಣ ತಿಂಗಳಲ್ಲಿ. ಮಳೆ ಶುರುವಾದರೆ ಹೊಳೆಯಲ್ಲಿ ಕಟ್ಟಲು ಆಗುವುದಿಲ್ಲ. ಕೈಗೆ ಕೆಲಸ ಗೊತ್ತಾಗಲು ಅರ್ಧ ದಿನ ಸಾಕು. ಹಿರಿಯರು ಕಿಕಾಂಬಾ ಮಾತಾಡುತ್ತಾರೆ, ನಮ್ಮ ಅರೆಬರೆ ಸ್ವಾಹಿಲಿ ಅಲ್ಲಿ ಜಾಸ್ತಿ ನಡೆಯುವುದಿಲ್ಲ. ಗಾಜಿಗೆ ತಿಂಗಳಾದರೂ ಬೇಕು. ಅಳತೆ ಕಲಿಯುವಷ್ಟರಲ್ಲೇ ಒಂದು ವಾರ ಕಳೆದಿರುತ್ತದೆ, ಕಲಿಸಿದವರ ಸಮಯವೂ ಹಾಳು. ಗಿಡ, ಲೆಕ್ಕ, ಜೀವಶಾಸ್ತ್ರ ಇಷ್ಟಪಡುವ ಮಕ್ಕಳಿಗೆ ಮಾತ್ರ ನಾನು ಗಾಜಿಯನ್ನೇ ಹೇಳುತ್ತೇನೆ.

ನನ್ನ ಮನಸ್ಸು ಮಕುವೇನಿಯಲ್ಲಿದೆ. ಬರುವ ಆಗಸ್ಟ್‌ನಲ್ಲಿ ಮತ್ತೆ ಹೋಗುತ್ತೇನೆ. ನಾವು ಕಟ್ಟಿದ ಗೋಡೆಯ ಹಿಂದೆ ಮರಳು ಎಷ್ಟು ಎತ್ತರ ಬಂದಿದೆ ನೋಡಬೇಕು.