ಸೀಮ್ಲಿ2ಡಿ: ಚಿಂದಿ ಉಳಿಸದ ಕಟಿಂಗ್‌ಗೆ ಈ ಉಚಿತ ಸಾಫ್ಟ್‌ವೇರ್ ಎಷ್ಟು ಒದಗುತ್ತದೆ?

ಸೀಮ್ಲಿ2ಡಿ ಉಡುಪಿನ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬರೆಯುವ ಮುಕ್ತ ಸಾಫ್ಟ್‌ವೇರ್. 2013ರಲ್ಲಿ ವ್ಯಾಲೆಂಟಿನಾ ಎಂಬ ಹೆಸರಿನಲ್ಲಿ ಶುರುವಾದ ಯೋಜನೆ ಮುಂದೆ ಎರಡು ಕವಲಾಯಿತು, ಅದರಲ್ಲೊಂದು ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಪುಕ್ಕಟೆಯಾಗಿ ನಡೆಯುತ್ತದೆ. ಮಾಮೂಲಿ ಪ್ಯಾಟರ್ನ್‌ಗಳಿಗೆ ಇದು ಸಾಕಷ್ಟು ಗಟ್ಟಿ ಎಂಬುದು ಬಳಸುವವರಿಗೆಲ್ಲ ಗೊತ್ತು. ಆದರೆ ಬಟ್ಟೆಯ ಇಡೀ ತುಂಡನ್ನು ಒಂದು ಚೂರೂ ಬಿಡದೆ ಉಡುಪಾಗಿಸುವ ಕೆಲಸಕ್ಕೆ ಇದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ?

ಕೈಹಿಡಿಯುವುದು ಸೂತ್ರಗಳಲ್ಲಿ. ಇಲ್ಲಿ ಗೆರೆಯ ಉದ್ದವನ್ನು ಅಂಕಿಯಾಗಿಯೇ ಕೊಡಬೇಕಿಲ್ಲ, ಲೆಕ್ಕವಾಗಿ ಕೊಡಬಹುದು. ಮೈಯಳತೆಗಳು ಸೀಮ್ಲಿಮಿ ಎಂಬ ಜೊತೆ ಸಾಫ್ಟ್‌ವೇರ್‌ನಿಂದ ಬರುತ್ತವೆ. ಉಳಿದದ್ದನ್ನು ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಹೆಸರು ಕೊಟ್ಟು ನಾವೇ ಸೇರಿಸಬಹುದು. ಮೊದಲು ಸೇರಿಸಬೇಕಾದದ್ದು ಬಟ್ಟೆಯ ಅಗಲ. ಮಾಮೂಲಿ ಪ್ಯಾಟರ್ನ್‌ನಲ್ಲಿ ಅದು ಕೊನೆಗೆ ನೋಡುವ ವಿಷಯ, ಇಲ್ಲಿ ಎಲ್ಲಕ್ಕೂ ಮೊದಲಿನದು.

ಒಂದು ಸಡಿಲ ಟಾಪ್ ತೆಗೆದುಕೊಳ್ಳಿ. ಗಟ್ಟಿ ಅಂಚು ತೆಗೆದ ಮೇಲೆ ಬಟ್ಟೆಯ ಅಗಲ 138 ಸೆಂ.ಮೀ., ಕತ್ತರಿಸಿದ ಉದ್ದ 68. ಎದೆ ಸುತ್ತಳತೆ 92, ಲೂಸ್ 14. ಮುಂಭಾಗ ಹಿಂಭಾಗ ಎರಡೂ ಆಯತಗಳು: 106ರ ಅರ್ಧ 53, ಎರಡೂ ಪಕ್ಕಕ್ಕೆ ಹೊಲಿಗೆಗೆ ಬಿಡುವ 1 ಸೆಂ.ಮೀ. ಮಾರ್ಜಿನ್ ಸೇರಿ 55. ಎರಡನ್ನೂ ಅಕ್ಕಪಕ್ಕ ಇಟ್ಟರೆ 110. ಮಿಕ್ಕ 28 ಸೆಂ.ಮೀ. ಪಟ್ಟಿಯನ್ನು ನಡುವೆ ಕತ್ತರಿಸಿದರೆ 28ಕ್ಕೆ 34ರ ಎರಡು ತೋಳುಗಳು. 34 ತೋಳಿನ ಸುತ್ತು, 28 ಅದರ ಉದ್ದ. ಕುತ್ತಿಗೆಗೆ ಏನನ್ನೂ ಕತ್ತರಿಸಿ ತೆಗೆಯುವುದಿಲ್ಲ. ಭುಜದ ಹೊಲಿಗೆಯ ನಡುವೆ 24 ಸೆಂ.ಮೀ. ತೆರೆದು ಬಿಟ್ಟು, ಮುಂಭಾಗದ ಮಧ್ಯದಲ್ಲಿ 9 ಸೆಂ.ಮೀ. ಸೀಳಿ, ಎರಡು ಮೂಲೆಗಳನ್ನು ತ್ರಿಕೋನವಾಗಿ ಒಳಗೆ ಮಡಚಿದರೆ ಅವೇ ಒಳಪಟ್ಟಿ. ಸೀಳಿನ ತುದಿ ಬೇಗ ಎಳೆ ಬಿಡುತ್ತದೆ, ಅಲ್ಲಿ ಕತ್ತರಿ ಹಾಕುವ ಮೊದಲೇ ಫ್ಯೂಸಿಂಗ್‌ನ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಚಿಕ್ಕ ತುಂಡು ಅಂಟಿಸಿ.

ಈಗ ಪಟ್ಟಿಯ ಅಗಲವನ್ನು ಸೂತ್ರವಾಗಿ ಬರೆಯಿರಿ: ಬಟ್ಟೆಯಗಲದಿಂದ ಎದೆ, ಲೂಸ್ ಮತ್ತು ಮಾರ್ಜಿನ್‌ಗಳ 4 ಕಳೆಯಿರಿ. ಎದೆಯ ಅಳತೆ ಬದಲಿಸಿದ ಕೂಡಲೇ ಇಡೀ ಚಿತ್ರ ಹೊಸದಾಗಿ ಬರುತ್ತದೆ, ವಿನ್ಯಾಸದ ನಿಜವಾದ ಮಿತಿಯೂ ಆಗಲೇ ಕಣ್ಣಿಗೆ ಬೀಳುತ್ತದೆ. ಎದೆ 4 ಸೆಂ.ಮೀ. ಹೆಚ್ಚಿದರೆ ತೋಳು 4 ಸೆಂ.ಮೀ. ಗಿಡ್ಡ. 104ಕ್ಕೆ ಪಟ್ಟಿ 16, 112ಕ್ಕೆ ಬರೀ 8. ಉದ್ದವೂ ಹಾಗೆಯೇ: 68ನ್ನು 60ಕ್ಕೆ ಇಳಿಸಿದರೆ ತೋಳಿನ ಸುತ್ತು 30, ಮಾರ್ಜಿನ್ ಹೋಗಿ 28. ತೋಳಿನ ಸುತ್ತಳತೆಯೇ 28 ಇದ್ದವರಿಗೆ ಕೈ ತೂರುವುದಿಲ್ಲ. ಈ ಎಳೆದಾಟವನ್ನು ಕಾಗದದ ಮೇಲೆ ಹಿಡಿಯಲು ಹತ್ತು ಸಲ ಬರೆಯಬೇಕು. ಈ ಒಂದು ಕಾರಣಕ್ಕೇ ಸೀಮ್ಲಿ2ಡಿ ಕಲಿಯುವ ಶ್ರಮ ಸಾರ್ಥಕ. ಆದರೆ 8 ಸೆಂ.ಮೀ. ತೋಳನ್ನೂ ಅದು ತಕರಾರಿಲ್ಲದೆ ಬರೆದು ಕೊಡುತ್ತದೆ. ತೊಡಲು ಆಗುತ್ತದೆಯೇ ಎಂದು ನೋಡುವುದು ನಿಮ್ಮ ಪಾಲಿಗೆ. ದೊಡ್ಡ ಸೈಜಿಗೆ ಆ ಪಟ್ಟಿಯನ್ನು ಕುತ್ತಿಗೆ ಪೈಪಿಂಗ್‌ಗೆ ಬಿಟ್ಟು, ತೋಳಿಗೆ ಬಟ್ಟೆಯ ಉದ್ದವನ್ನೇ ಹೆಚ್ಚಿಸಿ ಬೇರೆ ಜೋಡಣೆ ಮಾಡಬೇಕು. ಅದನ್ನು ಪ್ರತ್ಯೇಕ ಫೈಲಾಗಿ ಇಡುವುದೇ ಸುಲಭ.

ಅಡ್ಡಿ ಶುರುವಾಗುವುದು ಗೆರೆಗಳಿಂದ ತುಂಡುಗಳನ್ನು ಮಾಡುವ ಹಂತದಲ್ಲಿ. ಈ ಸಾಫ್ಟ್‌ವೇರ್‌ಗೆ ಪ್ರತಿ ತುಂಡೂ ಒಂಟಿ. ನೀವು ಬರೆದದ್ದು ಹೊಲಿಗೆ ಗೆರೆ ಎಂದುಕೊಂಡು ಅದು ಸುತ್ತ ಮಾರ್ಜಿನ್ ಸೇರಿಸುತ್ತದೆ. ನಮ್ಮ ತುಂಡುಗಳು ಒಂದೇ ಕತ್ತರಿ ಗೆರೆಯನ್ನು ಹಂಚಿಕೊಂಡಿರುವುದರಿಂದ ಎರಡೂ ಕಡೆಯ ಮಾರ್ಜಿನ್ ಒಂದರ ಮೇಲೊಂದು ಬಿದ್ದು 2 ಸೆಂ.ಮೀ. ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲಿನಿಂದಲೂ ಕತ್ತರಿ ಗೆರೆಯನ್ನೇ ಬರೆಯಿರಿ, ಮಾರ್ಜಿನ್ ಆಯ್ಕೆ ತೆಗೆದುಹಾಕಿ, ಹೊಲಿಗೆ ಗೆರೆಯನ್ನು 1 ಸೆಂ.ಮೀ. ಒಳಗೆ ಬೇರೆಯಾಗಿ ಹಾಕಿ. ಬಿಂದುಗಳನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಆರಿಸಬೇಕು. ಲೇಔಟ್‌ನ ತಾನಾಗಿ ಜೋಡಿಸುವ ಸೌಲಭ್ಯ ಇಲ್ಲಿ ಬೇಡವೇ ಬೇಡ. ಜೋಡಣೆಯೇ ವಿನ್ಯಾಸವಾಗಿರುವಾಗ ಅದು ತುಂಡುಗಳನ್ನು ಕದಲಿಸಿ ಕೆಲಸ ಕೆಡಿಸುತ್ತದೆ.

ಇದಕ್ಕಿಂತ ಸೂಕ್ಷ್ಮ ತೊಡಕು ಬಾಗಿದ ಗೆರೆಯದ್ದು. ಮೈಭಾಗದ ಕಂಕುಳಿನ ತಗ್ಗಿನಿಂದಲೇ ತೋಳಿನ ಉಬ್ಬನ್ನು ಕತ್ತರಿಸಿದರೆ ಅಂಚುಗಳು ಸರಿಸಮ ಇರುತ್ತವೆ, ಹೊಲಿಗೆ ಗೆರೆಗಳು ಇರುವುದಿಲ್ಲ. 10 ಸೆಂ.ಮೀ. ತ್ರಿಜ್ಯದ ಕಾಲು ವೃತ್ತದಲ್ಲಿ ಕತ್ತರಿ ಗೆರೆ 15.7, ತಗ್ಗಿನ ಕಡೆಯ ಹೊಲಿಗೆ 11ರ ತ್ರಿಜ್ಯದಲ್ಲಿ 17.3, ಉಬ್ಬಿನ ಕಡೆಯದು 9ರಲ್ಲಿ 14.1. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚು! ಹೊಲಿಯುವಾಗ ಸುಕ್ಕು ಬರಲು ಹಲವು ಸಲ ಇದೇ ಕಾರಣ, ಬೈಗುಳ ಮಾತ್ರ ಹೊಲಿದವರಿಗೆ. ಸ್ವತಂತ್ರ ವಕ್ರರೇಖೆಯ ಬದಲು ಕಮಾನು ಬಳಸಿ, ತ್ರಿಜ್ಯಕ್ಕೆ 1 ಕೂಡಿಸಿ ಮತ್ತು ಕಳೆದು ಎರಡು ಹೊಲಿಗೆ ಗೆರೆ ಬರೆದರೆ ಉದ್ದಗಳು ನೇರ ಸಿಗುತ್ತವೆ. ಮಾರ್ಜಿನ್ 0.5ಕ್ಕೆ ಇಳಿಸಿದರೆ ವ್ಯತ್ಯಾಸವೂ ಅರ್ಧವಾಗುತ್ತದೆ.

ಪ್ರಿಂಟ್ ವಿಷಯದಲ್ಲಿ ಎಚ್ಚರ. ಈ ಟಾಪ್ ಪೂರ್ತಿ ಎ4ನಲ್ಲಿ ತೆಗೆದರೆ ಸುಮಾರು 20 ಹಾಳೆ. ಪ್ರತಿ ಜೋಡಣೆಗೆ 1 ಮಿ.ಮೀ. ಸರಿದರೂ ಅಂಚಿನ ತುಂಡಿಗೆ ಬರುವಷ್ಟರಲ್ಲಿ ಅಳತೆ ಕೆಟ್ಟಿರುತ್ತದೆ. ಆಯತಗಳನ್ನು ಪರದೆಯ ಅಂಕಿ ನೋಡಿ ನೇರ ಬಟ್ಟೆಯ ಮೇಲೆ ಚಾಕ್‌ನಲ್ಲಿ ಗುರುತಿಸಿ, ಬಾಗುಗಳನ್ನು ಮಾತ್ರ ಪ್ರಿಂಟ್ ಮಾಡಿ.

ಸಾಫ್ಟ್‌ವೇರ್‌ಗೆ ಬಟ್ಟೆಯ ಗುಣ ತಿಳಿಯದು. ಈ ಜೋಡಣೆಯಲ್ಲಿ ತೋಳು 90 ಡಿಗ್ರಿ ತಿರುಗಿ ಕೂತಿದೆ: ಮೈಯಲ್ಲಿ ಹಾಸಿನ ಎಳೆ (ಬಟ್ಟೆಯ ಉದ್ದಕ್ಕೆ ಸಾಗುವ ನೂಲು) ಮೇಲಿಂದ ಕೆಳಗೆ, ತೋಳಿನಲ್ಲಿ ಸುತ್ತಲೂ. ಪಟ್ಟೆ ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ಅಡ್ಡಕ್ಕೆ ಮಾತ್ರ ಹಿಗ್ಗುವ ನಿಟ್ ಬಟ್ಟೆಯಾದರೆ ತೋಳು ಸುತ್ತಳತೆಯಲ್ಲಿ ಹಿಗ್ಗದೆ ಬಿಗಿಯುತ್ತದೆ. ಬಟ್ಟೆ ಹೇಗೆ ಬೀಳುತ್ತದೆಂದು ಹೊಲಿಯುವ ಮೊದಲೇ ಕಾಣಬೇಕೆಂದರೆ ಕ್ಲೋ 3ಡಿಯಂಥ ಚಂದಾ ಸಾಫ್ಟ್‌ವೇರ್ ಬೇಕು, ಸೀಮ್ಲಿ2ಡಿಯಲ್ಲಿ ಆ ನೋಟವಿಲ್ಲ. ಹಳೆಯ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ನೋಡಲೇಬೇಕು.

ಅಗಲದ ಅಂಕಿ ತುಂಬುವ ಮೊದಲು ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ. ಬಳಿಕ ಎರಡು ತುದಿ, ನಡುವೆ ಹೀಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನೇ ಕೊಡಿ. 138 ಎಂದು ಬರೆದ ಬಟ್ಟೆ 3 ಪ್ರತಿಶತ ಕುಗ್ಗಿದರೆ 134ಕ್ಕೆ ಇಳಿಯುತ್ತದೆ, ಆ 4 ಸೆಂ.ಮೀ. ಪೂರ್ತಿ ತೋಳಿನಿಂದಲೇ ಹೋಗುತ್ತದೆ.