ಬಾಸ್ಕೆಟ್‌ಬಾಲ್ ಬೋರ್ಡ್ ಮಾಡಿಸೋರು ಪ್ಲೈವುಡ್ ಮೇಲಿನ ‘303’ ನೋಡಿ ಮಂಗ್ಯಾ ಆಗಬೇಡ್ರಿ

ಹುಬ್ಬಳ್ಳಿ-ಧಾರವಾಡದ ಕಡೆ ಮನೆ ಅಂಗಳದಾಗ ಕಟ್ಟಿಗೆಯ ಬಾಸ್ಕೆಟ್‌ಬಾಲ್ ಬೋರ್ಡ್ ಮಾಡಿಸೋ ವಿಚಾರ ಇದ್ದವರು ದುಡ್ಡು ಕೊಡೋ ಮೊದಲು ಇದನ್ನು ಓದಿ. ಮುಕ್ಕಾಲು ದುಡ್ಡು ಮುಂಗಡ ಎಣಿಸಿ ಕೊಟ್ಟು ನಾನು ಮಂಗ್ಯಾ ಆದೆ. ಅಂಗಡಿಯವರದೇ ಮಾಲು, ಅಂಗಡಿಯವರದೇ ಮಿಸ್ತ್ರಿ. ಹೆಸರು ಹಾಕೋದಿಲ್ಲ.

ಮಾತಾಗಿದ್ದು 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್. ಹಾಳೆ ಇಳಿಸುವಾಗ ಮಿಸ್ತ್ರಿ ಮೂಲೆಯ ಸಿಕ್ಕೆ ಮೇಲೆ ಬೆರಳಿಟ್ಟ: “ನೋಡ್ರಿ ಸರ, ಐಎಸ್‌ಐ ಐತಿ, 303 ಐತಿ. ಇನ್ನೇನ್ ಬೇಕ್ರೀ?” ನಾನು ತಲೆ ಅಲ್ಲಾಡಿಸಿದೆ. ಅಲ್ಲೇ ಮೋಸ ಹೋಗಿದ್ದು. ಐಎಸ್ 303 ಅನ್ನೋ ಒಂದೇ ಗುಣಮಟ್ಟದ ನಂಬರಿನಡಿ ಎಂಆರ್ (ತೇವ ತಡಿಯೋದು) ಅಂತಲೂ ಬರ್ತದೆ, ಬಿಡಬ್ಲ್ಯೂಆರ್ (ಕುದಿಯೋ ನೀರು ತಡಿಯೋದು) ಅಂತಲೂ ಬರ್ತದೆ. ಎಂಆರ್ ಮನೆಯೊಳಗಿನ ಕಪಾಟಿನ ಮಾಲು. ಅದರ ಯೂರಿಯಾ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ. ಬಿಡಬ್ಲ್ಯೂಆರ್‌ಗೆ ಫಿನಾಲ್ ಅಂಟು, ಸ್ವಲ್ಪ ತಡಿಯುತ್ತದೆ. ವರ್ಷಪೂರ್ತಿ ಬಯಲಲ್ಲಿ ನಿಲ್ಲೋ ಬೋರ್ಡಿಗೆ ಬೇಕಾದದ್ದು ಐಎಸ್ 710, ಅಂದರೆ ಮರೀನ್ ಪ್ಲೈ. ಆ 303ರ ಮಗ್ಗುಲಲ್ಲೇ ಸಣ್ಣಗೆ ‘ಎಂಆರ್’ ಅಂತ ಹೊಡೆದಿತ್ತು. ಅವನ ಬೆರಳಿನ ಕೆಳಗೇ ಇತ್ತು. ಓದಲಿಲ್ಲ!

ಶ್ರಾವಣದ ಜಿಟಿಜಿಟಿ ಎಂಟು ದಿನ ಹಿಡಿದಿದ್ದೇ ತಡ, ಬೋರ್ಡಿನ ಮೇಲಂಚು ಉಬ್ಬಿ ಚಿರೋಟಿ ಹಾಗೆ ಪದರು ಪದರು ಬಿಚ್ಚಿತು. ಮುಖಕ್ಕೆ ಎರಡು ಕೋಟ್ ಬಣ್ಣ ಹೊಡೆದಿದ್ದರು, ಅಂಚಿಗೆ ಒಂದು ಕೋಟ್ ಪ್ರೈಮರ್ ಕೂಡ ಇಲ್ಲ. ಪ್ಲೈ ನೀರು ಕುಡಿಯೋದೇ ಅಂಚಿನಿಂದ. ಈಗ ಚೆಂಡು ಬಡಿದರೆ ಒದ್ದೆ ಗೋಣಿಚೀಲಕ್ಕೆ ಬಡಿದಂತೆ ‘ದಬ್’ ಅಂತದೆ, ತಿರುಗಿ ಬರೋದೇ ಇಲ್ಲ.

ಫೋನ್ ಮಾಡಿದೆ. “ಕಟಗಿ ಮಳ್ಯಾಗ ಉಬ್ಬೂದರೀ ಸರ.” ಮತ್ತೆ ವಾಟರ್‌ಪ್ರೂಫ್ ಅಂದಿದ್ದು? “ವಾಟರ್‌ಪ್ರೂಫ್ ಅಂದಿದ್ವಿರೀ, ಮಳಿಪ್ರೂಫ್ ಅಂದಿದ್ದಿಲ್ಲ.” ಈ ಮಾತು ಇನ್ನೂ ಕಿವಿಯಲ್ಲಿದೆ. ಮಳಿಪ್ರೂಫ್ ಅಂತೆ!

ಬಿಲ್ಲಿನಲ್ಲಿ ಎರಡು ಹಾಳೆ. ಬೋರ್ಡಿನ ಅಳತೆ 180 ಗುಣಿಸು 105 ಸೆಂಮೀ. 8 ಗುಣಿಸು 4 ಅಡಿ ಹಾಳೆ ಅಂದರೆ 244 ಗುಣಿಸು 122. ಒಂದರಲ್ಲೇ ಮುಗಿದು, ಎರಡಡಿ ಅಗಲದ ಪಟ್ಟಿ ಉಳೀಬೇಕು. ಕೇಳಿದರೆ “ಕಟಿಂಗಿನ್ಯಾಗ ವೇಸ್ಟ್ ಹೋಗ್ತೈತ್ರೀ.” ಇಡೀ ಒಂದು ಹಾಳೆ ವೇಸ್ಟ್ ಹೋಗ್ತದಾ?

ಇನ್ನು ಎತ್ತರ. ರಿಂಗಿನ ಮೇಲಂಚು ನೆಲದಿಂದ 3.05 ಮೀಟರ್, ಅಂದರೆ 10 ಅಡಿ. ಬೋರ್ಡಿನ ಕೆಳಂಚು 2.90. ಇವರು 10 ಅಡಿಗೆ ಬೋರ್ಡಿನ ಕೆಳಂಚು ಕೂರಿಸಿದರು, ರಿಂಗ್ ಅರ್ಧ ಅಡಿ ಮೇಲೆ ಹೋಯಿತು. ದಿನಾ ಅಲ್ಲಿ ಎಸೆದು ಕೈ ಕೂತ ಹುಡುಗರು ಸರಿಯಾದ ರಿಂಗಿಗೆ ಎಸೆದರೆ ಚೆಂಡು ಉದ್ದ ಬೀಳ್ತದೆ. ಅದಕ್ಕೆ ಬಂದ ಉತ್ತರ: “ಎತ್ತರದಾಗ ಕಲತ್ರ ಛಲೋರೀ, ಮ್ಯಾಚಿನ್ಯಾಗ ಸರಳ ಆಕ್ಕೈತಿ.”

ರಿಂಗನ್ನು ನಾಲ್ಕು ಸ್ಕ್ರೂ ಹಾಕಿ ಪ್ಲೈಗೇ ಕಚ್ಚಿಸಿದ್ದರು. ಒಬ್ಬ ಹುಡುಗ ಜೋತುಬಿದ್ದ, ಮೇಲಿನ ಎರಡು ಕಿತ್ತು ಬಂದವು. ರಿಂಗಿನ ಭಾರ ಬೋರ್ಡ್ ಹೊರಬಾರದು. ಬೋಲ್ಟು ಆರಪಾರ ಹೋಗಿ ಹಿಂದಿನ ಫ್ರೇಮಿಗೆ, ಕಬ್ಬಿಣದ ಪಟ್ಟಿಯ ಮೇಲೆ ಬಿಗಿಯಬೇಕು.

ಕಂಬದ್ದು ಬೇರೆ ಕಥೆ. “ದಾಂಡೇಲಿ ಸಾಗವಾನಿ ರೀ” ಅಂತ ತಂದದ್ದರ ಬುಡದಲ್ಲಿ ಪಾಲಿಶ್ ಕೆರೆದು ನೋಡಿದರೆ ಅರ್ಧ ಬಿಳಿ ಕಟ್ಟಿಗೆ. ಒಳಗಿನ ಕಂದು ತಿರುಳಿಗಿಂತ ಮೊದಲು ಗೆದ್ದಲು ಹತ್ತೋದೇ ಆ ಬಿಳಿ ಭಾಗಕ್ಕೆ. ನಮ್ಮದು ನವಲಗುಂದ ರಸ್ತೆ ಕಡೆಯ ಎರೆ ನೆಲ. ಮಳೆಗೆ ಉಬ್ಬಿ, ಬ್ಯಾಸಗಿಗೆ ಕೈ ಹೋಗುವಷ್ಟು ಬಿರುಕು ಬಿಡ್ತದೆ. ಅಂಥಲ್ಲಿ ಒಂದೂವರೆ ಅಡಿ ತಗ್ಗು ತೋಡಿ ಕಂಬ ನಿಲ್ಲಿಸಿ ಕಾಂಕ್ರೀಟ್ ಸುರಿದರು. ನಾಲ್ಕಡಿಯಾದರೂ ಇಳಿಯಬೇಕಿತ್ತು, ಸುತ್ತ ಗರಸು ತುಂಬಬೇಕಿತ್ತು, ಕಂಬ ಮಣ್ಣು ಮುಟ್ಟದಂತೆ ಕಬ್ಬಿಣದ ಬೂಟಿನ ಮೇಲೆ ಎರಡಿಂಚು ಎತ್ತಿ ಕೂರಬೇಕಿತ್ತು. ಈಗ ಬೋರ್ಡ್ ಪಕ್ಕದ ಮನೆ ಕಡೆ ವಾಲಿದೆ.

ಮಾಡಿಸೋರು ಹಾಳೆಯ ಸಿಕ್ಕೆ ಪೂರ್ತಿ ಓದಿ, ಬಿಲ್ಲಿನಲ್ಲಿ ‘ಐಎಸ್ 710’ ಅಂತಲೇ ಬರೆಸಿ. ಮುಂಗಡ ಕಾಲು ಭಾಗ ಸಾಕು. ರಿಂಗಿನ ಎತ್ತರ ನಿಮ್ಮ ಟೇಪಿನಲ್ಲೇ ಅಳೆಯಿರಿ, ಅವರ ಟೇಪಿನಲ್ಲಿ ಬೇಡ.

ನಿನ್ನೆ ಮತ್ತೆ ಫೋನ್ ಮಾಡಿದ್ದೆ. “ಮಳಿ ನಿಲ್ಲಲ್ರೀ ಸರ, ಬಂದ್ ನೋಡ್ತೀವಿ. ಬಾಕಿ ಯಾವಾಗ ಕೊಡ್ತೀರಿ?”